ಸಾಕು ನಾಯಿ, ಬೆಕ್ಕುಗಳ ಚಿಕಿತ್ಸೆ ಹಾಗೂ ರೋಗ ತಪಾಸಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರು ಸಾಕು ನಾಯಿ, ಬೆಕ್ಕುಗಳನ್ನು ಸಮೀಪದ ಸರ್ಕಾರಿ ಪಶು ಆಸ್ಪತ್ರೆಗೆ ಚಿಕಿತ್ಸೆಗಾಗಿ ಕರೆತರಬಹುದು. ಉಣ್ಣೆ ಜ್ವರವು ರಕ್ತ ಪರೀಕ್ಷೆಯಿಂದ, ಜಂತುಬಾಧೆಯು ಮಲ ಪರೀಕ್ಷೆಯಿಂದ ತಿಳಿದುಬರುತ್ತದೆ. ಮಲದ ಮಾದರಿ ಅದೇ ದಿನದ್ದಾಗಿರಬೇಕು.

ಹುಚ್ಚುನಾಯಿ ರೋಗದ (ರೇಬೀಸ್) ವಿಷಯ ಹಾಗಲ್ಲ. ಬದುಕಿರುವ ಪ್ರಾಣಿಯಲ್ಲಿ ಈ ರೋಗ ಇಲ್ಲವೆಂದು ಖಚಿತವಾಗಿ ಹೇಳಬಲ್ಲ ಪರೀಕ್ಷೆ ಇರುವುದಿಲ್ಲ. ಸತ್ತ ಪ್ರಾಣಿಯ ಮಿದುಳಿನ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ರೇಬೀಸ್ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ಆದುದರಿಂದ ಕಡಿತಕ್ಕೊಳಗಾದವರು ಯಾವುದೇ ವರದಿಗಾಗಿ ಕಾಯತಕ್ಕದ್ದಲ್ಲ. ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಪಡೆಯತಕ್ಕದ್ದು. ಕಚ್ಚಿದ ಸಾಕುಪ್ರಾಣಿಯನ್ನು ಕೊಲ್ಲದೆ, ಪ್ರತ್ಯೇಕವಾಗಿರಿಸಿ 10 ದಿನ ನಿಗಾ ವಹಿಸಬೇಕು.

ಮೊದಲ ಲಸಿಕೆಯನ್ನು 3 ತಿಂಗಳ ವಯಸ್ಸಿನಲ್ಲಿ, ನಂತರ ಪಶುವೈದ್ಯರು ಸೂಚಿಸಿದಂತೆ ವರ್ಷವರ್ಷವೂ ಹಾಕಿಸಬೇಕು. ಮನೆಯೊಳಗೇ ಇರುವುದೆಂದು ಬೆಕ್ಕನ್ನು ಬಿಟ್ಟುಬಿಡುವಂತಿಲ್ಲ.