ಮ್ಯಾನೇಜರ್ ಆಸರೆ ಮತ್ತು ಮಾರಾಟ ಸಿಬ್ಬಂದಿಯ ಉಳಿಕೆ: ಒಂದು ಸಂಶೋಧನಾ ಟಿಪ್ಪಣಿ

ಮ್ಯಾನೇಜರ್ ಬೆನ್ನಿಗೆ ನಿಂತರೆ ಮಾರಾಟದ ಹುಡುಗರು ಕೆಲಸ ಬಿಡುವುದಿಲ್ಲ ಎಂಬ ಮಾತು ಈ ವೃತ್ತಿಯಲ್ಲಿ ಹಳೆಯದು. ಅದು ಸುಳ್ಳಲ್ಲ. ಆದರೆ ಯಾವ ಷರತ್ತಿನ ಮೇಲೆ ನಿಜ ಎಂಬುದನ್ನು ಕೇಳದೆ ಒಪ್ಪಿಕೊಂಡಿರುವುದರಿಂದ ಮ್ಯಾನೇಜರುಗಳಿಗೂ ಸಿಬ್ಬಂದಿಗೂ ಅನ್ಯಾಯವಾಗುತ್ತಿದೆ.

ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಅಧ್ಯಯನ ರಾಬರ್ಟ್ ಐಸೆನ್‌ಬರ್ಗರ್ ಮತ್ತು ಸಂಗಡಿಗರದು, 2002ರಲ್ಲಿ ಪ್ರಕಟವಾಯಿತು. ಅದರ ಮೂರು ಭಾಗಗಳಲ್ಲಿ ಎರಡು ಚಿಲ್ಲರೆ ಮಾರಾಟ ಸಿಬ್ಬಂದಿಯನ್ನೇ ಕುರಿತವು. 493 ಮಂದಿಯನ್ನು ಒಳಗೊಂಡ ಭಾಗದಲ್ಲಿ, ಮೇಲ್ವಿಚಾರಕರ ಆಸರೆ ಇದೆ ಎಂದುಕೊಂಡವರು ಕೆಲಸ ಬಿಟ್ಟದ್ದು ಕಡಿಮೆ. ಆದರೆ ಈ ಪರಿಣಾಮ ಕೆಲಸ ಮಾಡಿದ್ದು ‘ಸಂಸ್ಥೆಗೆ ನನ್ನ ಬಗ್ಗೆ ಕಾಳಜಿಯಿದೆ’ ಎಂಬ ನಂಬಿಕೆಯ ಮೂಲಕವೇ. 300 ಮಂದಿಯ ಇನ್ನೊಂದು ಭಾಗದ ಫಲಿತಾಂಶ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ: ಸಂಸ್ಥೆಯಲ್ಲಿ ಮೇಲ್ವಿಚಾರಕರಿಗೆ ಎಷ್ಟು ಸ್ಥಾನಮಾನವಿದೆ ಎಂದು ಸಿಬ್ಬಂದಿಗೆ ತೋರುತ್ತದೋ, ಅವರ ಆಸರೆ ಅಷ್ಟರ ಮಟ್ಟಿಗೆ ಸಂಸ್ಥೆಯ ಆಸರೆಯಾಗಿ ಕಾಣುತ್ತದೆ. ಮಾತು ನಡೆಯದ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ, ಆ ಒಳ್ಳೆಯತನ ಅವರ ವೈಯಕ್ತಿಕ ಗುಣವಾಗಿ ಉಳಿಯುತ್ತದೆ, ಕಂಪನಿಯ ಖಾತೆಗೆ ಸೇರುವುದಿಲ್ಲ.

ಇದು ಅಂಗಡಿಯೊಳಗಿನ ಮಾರಾಟದ ಮಾತು. ನಮ್ಮ ಮೆಡಿಕಲ್ ರೆಪ್‌ಗಳ ಸ್ಥಿತಿಯಲ್ಲಿ ಈ ಷರತ್ತು ಇನ್ನೂ ಬಿಗಿಯಾಗಿರಬೇಕೆಂದು ನನ್ನ ವಾದ. ಹುಬ್ಬಳ್ಳಿಯನ್ನು ಹೆಡ್‌ಕ್ವಾರ್ಟರ್ ಮಾಡಿಕೊಂಡ ರೆಪ್ ಗದಗಕ್ಕೆ ಹೋಗಿ ಸಂಜೆಗೆ ಮರಳಬಹುದು. ಕಾರವಾರಕ್ಕೆ ಹೋದರೆ ಅಲ್ಲೇ ತಂಗಬೇಕಾದೀತು. ದಿನವೆಲ್ಲ ಒಂಟಿ ತಿರುಗಾಟ, ಓಪಿ ಮುಗಿಯುವವರೆಗೆ ಕ್ಲಿನಿಕ್ಕಿನ ಹೊರಗೆ ಕಾಯುವುದು, ರಾತ್ರಿ ಕಾಲ್ ರಿಪೋರ್ಟ್ ತುಂಬುವುದು. ಅವರಿಗೆ ಕಂಪನಿಯ ಮುಖವೆಂದರೆ ಜಾಯಿಂಟ್ ವರ್ಕ್‌ಗೆ ಬರುವ ಏರಿಯಾ ಮ್ಯಾನೇಜರ್ ಒಬ್ಬರೇ. ಆ ದಿನ ತಪಾಸಣೆಯೂ ಆಗಬಹುದು, ಆಸರೆಯೂ ಆಗಬಹುದು. ಡಾಕ್ಟರು ಕಷ್ಟದ ಪ್ರಶ್ನೆ ಕೇಳಿದಾಗ ಮ್ಯಾನೇಜರ್ ತಾವೇ ಉತ್ತರಿಸಿ, ಆಮೇಲೆ ಬೈಕ್ ಹತ್ತುವ ಮುಂಚೆ ಅದನ್ನು ರೆಪ್‌ಗೆ ಬಿಡಿಸಿ ಹೇಳಿದರೆ ಅದು ಒಂದು ಬಗೆಯ ನೆರವು. ಮನೆಯ ತೊಂದರೆ ಕೇಳಿಸಿಕೊಳ್ಳುವುದು ಇನ್ನೊಂದು ಬಗೆ.

ಜೇಮ್ಸ್ ಹೌಸ್ 1981ರಲ್ಲಿ ಸಾಮಾಜಿಕ ಬೆಂಬಲವನ್ನು ಭಾವನಾತ್ಮಕ, ಪ್ರಾಯೋಗಿಕ, ಮಾಹಿತಿಯ ಮತ್ತು ಮೌಲ್ಯಮಾಪನದ ಬೆಂಬಲವೆಂದು ನಾಲ್ಕಾಗಿ ವಿಂಗಡಿಸಿದರು. ಮ್ಯಾನೇಜರುಗಳ ತರಬೇತಿಯಲ್ಲಿ ಮೊದಲನೆಯದಕ್ಕೆ ಒತ್ತು ಕೊಟ್ಟು ಪ್ರಾಯೋಗಿಕ ಬೆಂಬಲವನ್ನು ಕಡೆಗಣಿಸುವುದು ಸುಲಭ, ಏಕೆಂದರೆ ಅದಕ್ಕೆ ಅಧಿಕಾರ ಬೇಕು. ಮಾರಾಟ ಪ್ರವರ್ತನ ನೌಕರರ 1976ರ ಕಾಯ್ದೆ ದುಡಿದ ಅವಧಿಯ ಹನ್ನೊಂದನೇ ಒಂದರಷ್ಟು ಗಳಿಕೆ ರಜೆಯನ್ನು ಹಕ್ಕಾಗಿಸಿತ್ತು. ಆದರೂ ಕ್ಲೋಸಿಂಗ್ ವಾರದಲ್ಲಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ರಜೆ ಸಿಗುವುದು, ತಡೆಹಿಡಿದ ಟಿಎ ಬಿಲ್ ಪಾಸಾಗುವುದು, ಸ್ಟಾಕಿಸ್ಟ್ ಬಳಿ ಮಾಲು ಖಾಲಿಯಾಗಿ ಮಾರಾಟ ಬಿದ್ದ ತಿಂಗಳು ಟಾರ್ಗೆಟ್ ಮರುಪರಿಶೀಲನೆಗೆ ಬರುವುದು, ಎಲ್ಲವೂ ಮ್ಯಾನೇಜರ್ ಮಾತಿಗೆ ಮೇಲೆ ಎಷ್ಟು ಬೆಲೆಯಿದೆ ಎಂಬುದನ್ನು ಅವಲಂಬಿಸಿವೆ. ‘ನಾನಿದ್ದೀನಿ, ಚಿಂತೆ ಮಾಡಬೇಡ’ ಎಂದವರ ಕೈಯಲ್ಲಿ ಇದೇನೂ ಇಲ್ಲವೆಂದು ರೆಪ್‌ಗೆ ತಿಳಿಯಲು ಹೆಚ್ಚು ಕಾಲ ಬೇಕಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವೂ ಇದೆ. ಕಾರ್ಲ್ ಮೇರ್ಟ್ಸ್ ಮತ್ತು ಸಂಗಡಿಗರು 2007ರಲ್ಲಿ ಸಮಾಜಸೇವಾ ಸಿಬ್ಬಂದಿಯ ನಡುವೆ ನಡೆಸಿದ ಅಧ್ಯಯನದಲ್ಲಿ, ಸಂಸ್ಥೆಯ ಮೇಲಿನ ನಂಬಿಕೆಯನ್ನು ಬದಿಗಿಟ್ಟು ನೋಡಿದರೂ ಕೆಲಸ ಬಿಡುವ ಆಲೋಚನೆಯ ಮೇಲೆ ಮೇಲ್ವಿಚಾರಕರ ಆಸರೆಗೆ ಸ್ವತಂತ್ರ ಪ್ರಭಾವ ಕಂಡಿತು. ವ್ಯಕ್ತಿಯ ಮೇಲಿನ ನಿಷ್ಠೆಯೇ ಜನರನ್ನು ಹಿಡಿದಿಡಬಲ್ಲದು ಎಂದಾಯಿತು. ಆದರೆ ಆ ನಿಷ್ಠೆ ಕಂಪನಿಗೆ ಸೇರಿದ್ದಲ್ಲ. ಮ್ಯಾನೇಜರ್ ಬೇರೆ ಕಂಪನಿ ಸೇರಿದ ದಿನ ಅದೇ ನಂಟು ತಂಡವನ್ನು ಹೊರಗೆ ಸೆಳೆಯಬಹುದು.

ಹಾಗಾಗಿ ಇಲ್ಲಿ ಇಂಥ ಅಧ್ಯಯನ ಮಾಡುವವರು ‘ನಿಮ್ಮ ಮ್ಯಾನೇಜರ್ ನಿಮ್ಮ ಕಷ್ಟಸುಖ ವಿಚಾರಿಸುತ್ತಾರೆಯೇ’ ಎಂದಷ್ಟೇ ಕೇಳಿದರೆ ಸಾಲದು. ಕಳೆದ ತ್ರೈಮಾಸಿಕದಲ್ಲಿ ನೀವು ಅವರಲ್ಲಿ ಕೇಳಿದ್ದೇನು, ಅದರಲ್ಲಿ ಅವರೇ ನಿರ್ಧರಿಸಬಹುದಾಗಿದ್ದುದು ಯಾವುದು, ಮೇಲಿನವರ ಒಪ್ಪಿಗೆಗೆ ಹೋದದ್ದು ಯಾವುದು, ಸಿಕ್ಕಿದ್ದು ಯಾವುದು ಎಂಬ ಪ್ರಶ್ನೆಗಳೂ ಪ್ರಶ್ನಾವಳಿಯಲ್ಲಿರಬೇಕು. ಅದೇ ಪ್ರಶ್ನೆಗಳನ್ನು ಏರಿಯಾ ಮ್ಯಾನೇಜರುಗಳಿಗೂ, ಅವರ ಮೇಲಿನವರನ್ನು ಕುರಿತು, ಕೇಳಬೇಕು.