ನಂಗು ಮೀನುಗಾರಿಕೆ: ಒಂದು ಚಾರಿತ್ರಿಕ ಟಿಪ್ಪಣಿ

ಪಶ್ಚಿಮ ಕರಾವಳಿಯ ಮತ್ಸ್ಯೋದ್ಯಮದ ಚರಿತ್ರೆಯು ಬಹುಮಟ್ಟಿಗೆ ಬೂತಾಯಿ ಮತ್ತು ಬಂಗುಡೆಗಳ ಚರಿತ್ರೆಯಾಗಿದೆ. ಕಡಲತಳದ ಕೆಸರು ಮರಳಿಗೆ ಅಂಟಿ ಬದುಕುವ, ಎರಡೂ ಕಣ್ಣುಗಳು ಎಡಮಗ್ಗುಲಲ್ಲಿರುವ ಚಪ್ಪಟೆ ಮೀನು ನಂಗು ಅದರ ಅಂಚಿನಲ್ಲಿಯೇ ಉಳಿದಿದೆ.

ಮಳೆಗಾಲ ಹಿಂಜರಿಯುತ್ತಿದ್ದಂತೆ ನಂಗು ಗುಂಪುಗಳಾಗಿ ತೀರದ ಸಮೀಪಕ್ಕೆ ಬರುತ್ತದೆ. ತಲೆಯ ಕಡೆಯಿಂದ ಚರ್ಮವನ್ನು ಸುಲಿದು ಗಸಿಗೋ ಹುರಿಯುವುದಕ್ಕೋ ಬಳಸುವುದು, ಮಿಕ್ಕುದನ್ನು ಬಿಸಿಲಿಗೆ ಒಣಗಿಸಿ ಕಾದಿರಿಸುವುದು ಕರಾವಳಿಯ ರೂಢಿ. ಕಡಲಿಗಿಳಿಯಲಾಗದ ಮಳೆಯ ತಿಂಗಳುಗಳಲ್ಲಿ ಬಡಮನೆಗಳಿಗೆ ಒಣಮೀನೇ ಆಸರೆಯಾಗಿತ್ತು.

ಈ ಮೀನಿನ ಜೀವನಕ್ರಮವನ್ನು ಕುರಿತ ಮಹತ್ವದ ಅಧ್ಯಯನವನ್ನು ಶೇಷಪ್ಪ ಮತ್ತು ಭೀಮಾಚಾರ್ 1955ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಫ್ರಾನ್ಸಿಸ್ ಡೇ ನೀಡಿದ್ದ 'ಸೈನೊಗ್ಲಾಸಸ್ ಸೆಮಿಫ್ಯಾಸಿಯೇಟಸ್' ಎಂಬ ಹೆಸರನ್ನು. ಅದು ವಸ್ತುತಃ ನಾರ್ಮನ್ 1928ರಲ್ಲಿ ವರ್ಣಿಸಿದ 'ಸೈನೊಗ್ಲಾಸಸ್ ಮ್ಯಾಕ್ರೊಸ್ಟೋಮಸ್' ಎಂಬುದು ಅನಂತರ ಸ್ಪಷ್ಟವಾಯಿತು. ಆದುದರಿಂದ ಹಳೆಯ ದಾಖಲೆಗಳನ್ನು ಪರಿಶೀಲಿಸುವವರು ಎರಡು ಹೆಸರುಗಳನ್ನೂ ಗಮನಿಸುವುದು ಅಗತ್ಯ.

ತಳವನ್ನು ಗೋರುವ ಟ್ರಾಲ್ ಬಲೆ ವ್ಯಾಪಕವಾದ ಮೇಲೆ ನಂಗು ತೀರದ ದೋಣಿಗಳಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿ ಬಂದಿತು. ಯಾಂತ್ರಿಕ ದೋಣಿಗಳ ಮೇಲಿನ ಮಳೆಗಾಲದ ನಿಷೇಧವು ಪಶ್ಚಿಮ ಕರಾವಳಿಯಲ್ಲಿ 2015ರಿಂದ 61 ದಿನಗಳಿಗೆ ವಿಸ್ತರಿಸಿತು. ಹಿಂದೆ ಮಳೆಯೇ ವಿಧಿಸುತ್ತಿದ್ದ ಬಿಡುವನ್ನು ಇಂದು ಕಾನೂನು ವಿಧಿಸಬೇಕಾಗಿದೆ. ತಳಮೀನುಗಳ ಚರಿತ್ರೆಯ ಮಹತ್ವ ಇಲ್ಲಿಯೇ ಇದೆ.