ಅಕ್ಷರವೂ ಅಚ್ಚೂ

ನಮ್ಮ ಸೀಮೆಯ ಶಾಸನಗಳಲ್ಲಿ 'ಲೊಕ್ಕಿಯ ಗದ್ಯಾಣ' ಎಂಬ ಮಾತು ಬರುತ್ತದೆ. ಆ ಲೊಕ್ಕಿಗುಂಡಿಯೇ ಗದಗಿನ ಬಳಿಯ ಇಂದಿನ ಲಕ್ಕುಂಡಿ, ಅಲ್ಲಿ ಟಂಕಸಾಲೆಯಿತ್ತು. ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ದಾನಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಪಣವೆಂಬ ಕಿರುಹೊನ್ನು 'ಹಣ'ವಾಯಿತು. ತಾಮ್ರದ ನಾಣ್ಯವಾಗಿದ್ದ ದುಡ್ಡು ಸಕಲ ಸಂಪತ್ತಿಗೂ ಹೆಸರಾಯಿತು. ನಾಣ್ಯಗಳು ಕರಗಿಹೋದರೂ ಅವುಗಳ ಹೆಸರು ನಮ್ಮ ನಾಲಗೆಯ ಮೇಲೆ ಉಳಿದಿದೆ.

ನಾಣ್ಯ ಸಂಗ್ರಹಿಸಿ ಅಭ್ಯಸಿಸುವ ಕಾರ್ಯಕ್ಕೂ ಧಾರವಾಡಕ್ಕೂ ಹಳೆಯ ನಂಟು. 1824ರ ಕಿತ್ತೂರಿನ ಹೋರಾಟದಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದಾಗ ಸೆರೆಸಿಕ್ಕ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. ಅದೇ ಎಲಿಯಟ್ ಸಾಹೇಬರು ಮುಂದೆ ಕರ್ನಾಟಕದ ಶಾಸನಗಳ ಪ್ರತಿ ಮಾಡಿಸಿದರು, ನಾಣ್ಯಗಳನ್ನು ಕೂಡಿಹಾಕಿದರು. 1886ರಲ್ಲಿ, ಕಣ್ಣಿನ ಬೆಳಕು ಕುಂದಿದ್ದ ಇಳಿವಯಸ್ಸಿನಲ್ಲಿ, ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥವನ್ನೇ ಪ್ರಕಟಿಸಿದರು. ಕಣ್ಣು ನೆಟ್ಟಗಿದ್ದೂ ನಾನು ಎಡವಿದ ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ.

ಹಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಹೊನ್ನನ್ನು ತಂದು ತೋರಿಸಿದ. ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ 'ಶ್ರೀ ತಳಕಾಡುಗೊಂಡ' ಎಂಬ ಕನ್ನಡ ಬರಹ. ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನ ನಾಣ್ಯ! ಶಾಸನಪಾಠ ಹೇಳಿದ ಗರ್ವ ನನಗೆ. ಅಕ್ಷರಗಳ ಬಾಗು ಬಳುಕುಗಳನ್ನು ನೋಡಿ 'ನಿಸ್ಸಂದೇಹವಾಗಿ ಅಸಲು' ಎಂದುಬಿಟ್ಟೆ. ನನ್ನ ಮಾತನ್ನು ನಂಬಿ ಅವನು ಸಾಲ ಮಾಡಿ ಅದನ್ನು ಕೊಂಡ. ತಿಂಗಳ ನಂತರ ನಮ್ಮ ಓಣಿಯ ವೃದ್ಧ ಪತ್ತಾರರೊಬ್ಬರು ಅದನ್ನು ಬೆರಳ ತುದಿಯಲ್ಲಿ ತಿರುವಿ, "ಸರ್, ಇದು ಬಡದದ್ದಲ್ರಿ, ಎರಕಾ ಹೊಯ್ದದ್ದು" ಎಂದರು.

ಅಸಲು ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು. ಅದರ ಅಕ್ಷರದ ಅಂಚು ಚೂಪು, ನೆಲ ನುಣುಪು. ಎರಕದಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳು ಉಳಿಯುತ್ತವೆ. ಅಂಚಿನಲ್ಲಿ ಅರದಿಂದ ಉಜ್ಜಿದ ಕೂಡುಗೆರೆ ಕಾಣುತ್ತದೆ. ಎರಕದ ಪಡಿಯಚ್ಚನ್ನು ಅಸಲು ನಾಣ್ಯದಿಂದಲೇ ತೆಗೆಯುತ್ತಾರೆ. ಅಂದಮೇಲೆ ನಕಲಿನ ಅಕ್ಷರವೂ ಶುದ್ಧವಾಗಿಯೇ ಇರಬೇಕಲ್ಲವೆ? ನಾನು ಯಾವುದನ್ನು ಸಾಕ್ಷಿಯೆಂದು ನಂಬಿದ್ದೆನೋ ಅದನ್ನೇ ಕಳ್ಳ ಕದ್ದಿದ್ದ. ತೂಕವೂ ಸುಮಾರು 4 ಗ್ರಾಂ, ಸರಿಯಾಗಿಯೇ ಇತ್ತು. ಆದರೆ ಬಿಲ್ಲೆ ದಪ್ಪ. ನೀರಿನಲ್ಲಿ ಮುಳುಗಿಸಿ ತೂಗಿದಾಗ ಗುಟ್ಟು ಹೊರಬಿತ್ತು. ಅಪ್ಪಟ ಚಿನ್ನ ಅಷ್ಟೇ ಗಾತ್ರದ ನೀರಿಗಿಂತ 19 ಪಟ್ಟು ಮಿಕ್ಕಿ ಭಾರ, ಬೆಳ್ಳಿ ಹತ್ತೂವರೆ ಪಟ್ಟು. ಇದು ಚಿನ್ನದ ನೀರು ಕುಡಿದ ಬೆಳ್ಳಿ!

ನಾಣ್ಯದ ಸ್ಥಿತಿಯನ್ನು ಅಳೆಯಲು ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ 1ರಿಂದ 70ರವರೆಗಿನ ಮಾನವೊಂದನ್ನು ರೂಪಿಸಿದ. ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಯ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತೇವೆ. ಭಕ್ತಿಗೆ ಅದು ಒಪ್ಪುತ್ತದೆ. ಆದರೆ ನೂರು ವರ್ಷ ಕೈಯಿಂದ ಕೈಗೆ ಹಾಯ್ದಾಗ ಆಗದ ನಷ್ಟ ಒಂದು ಬೆಳಗಿನ ತಿಕ್ಕಾಟದಲ್ಲಿ ಆಗುತ್ತದೆ. ಇನ್ನು ನೆಲದಲ್ಲಿ ಸಿಕ್ಕ ಹೊನ್ನನ್ನು ಗುಟ್ಟಾಗಿ ಕರಗಿಸುವವರಿದ್ದಾರೆ. ನಿಕ್ಷೇಪದ ಸುದ್ದಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಲ್ಲಿಯೇ ಬಂದಿತು. ಯಾವ ಗಡಿಗೆಯಲ್ಲಿ, ಯಾವ ನಾಣ್ಯಗಳ ಸಂಗಡ ಸಿಕ್ಕಿತೆಂಬುದು ತಿಳಿದರೆ ಮಾತ್ರ ನಾಣ್ಯ ಪೂರ್ತಿ ಮಾತನಾಡುತ್ತದೆ.

ಆ ಹೊಯ್ಸಳ ಹೊನ್ನು ಈಗ ನನ್ನ ಮೇಜಿನ ಖಾನೆಯಲ್ಲಿದೆ. ವಿದ್ಯಾರ್ಥಿ ಬೇಡಬೇಡವೆಂದರೂ ಅವನು ತೆತ್ತ ಬೆಲೆಯನ್ನು ಕಂತಿನಲ್ಲಿ ಕೊಟ್ಟು ತೀರಿಸಿದೆ. ಯಾರಾದರೂ ಹಳೆಯ ನಾಣ್ಯ ತಂದು ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಇದನ್ನು ಅವರ ಕೈಗೆ ಕೊಡುತ್ತೇನೆ. ಆಮೇಲೆ ಕನ್ನಡಕ ಹಾಕಿಕೊಳ್ಳುತ್ತೇನೆ.